ಮಳೆ ಬಂದ ಮರುದಿನ ಹಳೆ ಕಾರು ಯಾಕೆ ಸ್ಟಾರ್ಟ್ ಆಗುವುದಿಲ್ಲ?

ಪ್ರಶ್ನೆ: ನಮ್ಮಪ್ಪ ಕೊಂಡಿದ್ದ ಪೆಟ್ರೋಲ್ ಕಾರು ಈಗ ನನ್ನ ಹತ್ತಿರ ಇದೆ. 30 ವರ್ಷ ಹಳೆಯದು. ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್ ಇರುವ ಗಾಡಿ. ಬಿಸಿಲಿದ್ದ ದಿನ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ರಾತ್ರಿ ಮಳೆ ಬಂದರೆ ಮಾತ್ರ ಬೆಳಿಗ್ಗೆ ಏನು ಮಾಡಿದರೂ ಆಗುವುದಿಲ್ಲ. ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹೊಸದು ಹಾಕಿಸಿದೆ, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದೆ. ಮೆಕ್ಯಾನಿಕ್ ಒಂದು ಪ್ಲಗ್ ಬಿಚ್ಚಿ ಕಿಡಿ ಬರುವುದನ್ನು ತೋರಿಸಿದರು. ‘ಕರೆಂಟ್ ಸರಿಯಾಗಿದೆ, ಟ್ಯಾಂಕಿಗೆ ನೀರು ಹೋಗಿದೆ, ಟ್ಯಾಂಕ್ ಇಳಿಸಿ ತೊಳೆಯಬೇಕು, ಕಾರ್ಬ್ಯುರೇಟರ್ ಕೂಡ ಬದಲಾಯಿಸಬೇಕು’ ಅಂದರು. ಗೆಳೆಯರೊಬ್ಬರ ಮಾತು ಕೇಳಿ ವೈರಿಂಗ್ ಮೇಲೆ ಡಬ್ಲ್ಯುಡಿ-40 ಸ್ಪ್ರೇ ಹೊಡೆದೆ. ಅವತ್ತು ಸ್ಟಾರ್ಟ್ ಆಯಿತು, ಮುಂದಿನ ಮಳೆಗೆ ಮತ್ತೆ ಅದೇ ಕಥೆ. ತಳ್ಳಿ ಸ್ಟಾರ್ಟ್ ಮಾಡಬಹುದಾ? ಇದಕ್ಕೆ ಇನ್ನೂ ಖರ್ಚು ಮಾಡೋದು ಸರಿಯಾ, ಇಲ್ಲ ಮಾರಿಬಿಡಲಾ?

ಉತ್ತರ: ಮಾರುವ ಯೋಚನೆ ಸದ್ಯಕ್ಕೆ ಬದಿಗಿಡಿ. ಟ್ಯಾಂಕ್ ಇಳಿಸುವ ಯೋಚನೆಯನ್ನೂ ಬದಿಗಿಡಿ. ನಿಮ್ಮ ಪತ್ರದಲ್ಲಿ ಎರಡು ಮಾತು ಬಹಳ ಮುಖ್ಯ. ಸೆಲ್ಫ್ ಜೋರಾಗಿ ತಿರುಗುತ್ತದೆ ಅಂದಿರಿ. ಮಧ್ಯಾಹ್ನ ತಾನಾಗಿ ಸರಿಹೋಗುತ್ತದೆ ಅಂದಿರಿ. ಇವೆರಡೂ ಸೇರಿದರೆ ನನ್ನ ಕಣ್ಣು ಹೋಗುವುದು ಒಂದೇ ಕಡೆ: ವೋಲ್ಟೇಜ್ ಏರಿಸುವ ಕಾಯಿಲ್‌ನಿಂದ ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಪ್ಲಗ್‌ವರೆಗೆ ಕರೆಂಟ್ ಹೋಗುವ ದಾರಿ. ಮೂವತ್ತು ವರ್ಷ ಗಾಡಿಗಳ ವೈರಿಂಗ್ ಕೆಲಸ ಮಾಡಿದ್ದೇನೆ. ಹಳೆ ಪೆಟ್ರೋಲ್ ಕಾರು ತೇವಕ್ಕೆ ಮಾತ್ರ ಮುನಿಸಿಕೊಂಡರೆ ಹತ್ತರಲ್ಲಿ ಎಂಟು ಸಲ ತೊಂದರೆ ಆ ದಾರಿಯಲ್ಲೇ ಸಿಕ್ಕಿದೆ. ರಿಪೇರಿಯೂ ನೀವು ಹೆದರಿರುವಷ್ಟು ದೊಡ್ಡದಲ್ಲ.

ಮೊದಲು ಬ್ಯಾಟರಿ ವಿಷಯ ಮುಗಿಸಿಬಿಡೋಣ. ಸ್ಟಾರ್ಟ್ ಆಗದಿರುವುದರಲ್ಲಿ ಎರಡು ಬಗೆ. ಕೀ ತಿರುಗಿಸಿದಾಗ ಟಕ್ ಟಕ್ ಅಂತ ಸದ್ದು ಬಂದು ಸೆಲ್ಫ್ ತಿರುಗದಿದ್ದರೆ, ಅಥವಾ ಎಳೆದೆಳೆದು ತಿರುಗಿದರೆ ಬ್ಯಾಟರಿ, ಟರ್ಮಿನಲ್, ಅರ್ಥ್ ವೈರ್ ನೋಡಬೇಕು. ಮಳೆ ದಿನಗಳಲ್ಲಿ ಲೈಟು, ವೈಪರ್, ಬ್ಲೋವರ್ ಎಲ್ಲ ಒಟ್ಟಿಗೆ ಓಡುತ್ತವೆ. ಸಡಿಲವಾದ ಬೆಲ್ಟು ಒದ್ದೆಯಾಗಿ ಜಾರುತ್ತದೆ. ಹಾಗಾಗಿ ಬ್ಯಾಟರಿ ಸೊರಗುವುದೂ ಉಂಟು. ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಅಂತ ಅರ್ಥ. 12.2ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ನಿಮ್ಮ ಸೆಲ್ಫ್ ಜೋರಾಗಿ ತಿರುಗುತ್ತಿದೆ, ಅಂದರೆ ಹಳೆ ಬ್ಯಾಟರಿಯೂ ಬಹುಶಃ ತಪ್ಪು ಮಾಡಿರಲಿಲ್ಲ. ಹಾಕಿಸಿದ್ದು ಹಾಕಿಸಿದ್ದಾಯಿತು, ಹೊಸ ಬ್ಯಾಟರಿಯಿಂದ ನಷ್ಟವೇನಿಲ್ಲ.

ಈಗ ಟ್ಯಾಂಕಿನ ನೀರು. ಟ್ಯಾಂಕಿಗೆ ನೀರು ಹೋಗುವುದು ಸುಳ್ಳಲ್ಲ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಹೋಗುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ತಣ್ಣಗಾಗಿ ಹನಿಯೂ ಕಟ್ಟುತ್ತದೆ. ಆದರೆ ನೀರು ಪೆಟ್ರೋಲಿಗಿಂತ ಭಾರ. ಒಮ್ಮೆ ಹೋದರೆ ಟ್ಯಾಂಕಿನ ತಳದಲ್ಲಿ ಕೂತುಬಿಡುತ್ತದೆ. ಬೆಳಿಗ್ಗೆ ಇದ್ದು ಮಧ್ಯಾಹ್ನ ಮಾಯವಾಗುವುದಿಲ್ಲ. ಬಿಸಿಲಿನ ದಿನವೂ ಕಾಡುತ್ತದೆ, ಏರಿನಲ್ಲಿ ಎಳೆಯುವಾಗ ಕಾಡುತ್ತದೆ, ತಿರುವಿನಲ್ಲಿ ಪೆಟ್ರೋಲ್ ಅಲ್ಲಾಡಿದಾಗ ಎಂಜಿನ್ ಜರ್ಕ್ ಹೊಡೆಯುತ್ತದೆ. ನಿಮ್ಮ ಕಾರು ಬಿಸಿಲಿದ್ದರೆ ಒಂದೇ ಸಲಕ್ಕೆ ಹಿಡಿಯುತ್ತದೆ. ಟ್ಯಾಂಕಿನ ನೀರು ಹೀಗೆ ಹವಾಮಾನ ನೋಡಿ ನಡೆದುಕೊಳ್ಳುವುದಿಲ್ಲ. ಆದರೂ ಅನುಮಾನ ಉಳಿದರೆ, ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಕಾರ್ಬ್ಯುರೇಟರ್ ಬೌಲ್‌ನಲ್ಲಿರುವ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಿಡಿಸಿ ನೋಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಟ್ಯಾಂಕ್ ಇಳಿಸಬೇಡಿ.

ಆದರೆ ಮೆಕ್ಯಾನಿಕ್ ಕಿಡಿ ತೋರಿಸಿದರಲ್ಲ, ಅದು ಸುಳ್ಳಾ ಅಂತ ಕೇಳಬಹುದು. ಸುಳ್ಳಲ್ಲ, ಆದರೆ ಅದು ಅರ್ಧ ಪರೀಕ್ಷೆ. ದಾರಿ ತಪ್ಪಿದ್ದು ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ 20-30 ಸಾವಿರ ವೋಲ್ಟ್‌ವರೆಗೂ ಏರಿಸಬಲ್ಲದು. ಆದರೆ ಕಾಯಿಲ್ ಪ್ರತಿ ಸಲ ಅಷ್ಟು ಕೊಡುವುದಿಲ್ಲ. ಒತ್ತಡ ಏರುತ್ತಾ ಹೋಗುತ್ತದೆ, ಎಲ್ಲಿ ಮೊದಲು ಹಾರಲು ಜಾಗ ಸಿಗುತ್ತದೋ ಅಲ್ಲಿ ಕಿಡಿ ಹಾರುತ್ತದೆ, ಅಲ್ಲಿಗೆ ಮುಗಿಯಿತು. ಬಿಚ್ಚಿದ ಪ್ಲಗ್ ಅನ್ನು ಎಂಜಿನ್ ಮೈಗೆ ತಾಗಿಸಿ ಹಿಡಿದಾಗ ಅದರ ತುದಿಯಲ್ಲಿರುವುದು ಸಾಮಾನ್ಯ ಗಾಳಿ. ಪ್ಲಗ್‌ನ ಸಣ್ಣ ಗ್ಯಾಪ್ ದಾಟಲು ಮೂರು ನಾಲ್ಕು ಸಾವಿರ ವೋಲ್ಟ್ ಸಾಕು. ಅದೇ ಪ್ಲಗ್ ಸಿಲಿಂಡರಿನ ಒಳಗಿದ್ದರೆ ಪಿಸ್ಟನ್ ಗಾಳಿಯನ್ನು ಒತ್ತಿ ಹಿಡಿದಿರುತ್ತದೆ. ಒತ್ತಿದ ಗಾಳಿಯಲ್ಲಿ ಕಿಡಿ ಹಾರಿಸುವುದು ಕಷ್ಟ. ಅಲ್ಲಿ 10 ಸಾವಿರಕ್ಕೂ ಜಾಸ್ತಿ ಬೇಕಾಗುತ್ತದೆ. ಪ್ಲಗ್ ಸವೆದು ಗ್ಯಾಪ್ ದೊಡ್ಡದಾಗಿದ್ದರೆ ಇನ್ನೂ ಹೆಚ್ಚು.

ಕಾಯಿಲ್‌ನ ಕರೆಂಟನ್ನು ಸರದಿಯಂತೆ ಒಂದೊಂದು ಪ್ಲಗ್‌ಗೆ ಹಂಚುವ ಭಾಗ ಡಿಸ್ಟ್ರಿಬ್ಯೂಟರ್, ಅದರ ಪ್ಲಾಸ್ಟಿಕ್ ಮುಚ್ಚಳವೇ ಕ್ಯಾಪ್. ಈಗ ಆ ಕ್ಯಾಪ್ ಮೇಲೆ ವರ್ಷಗಳ ಧೂಳು, ಎಣ್ಣೆಯ ಪಸೆ ಇದೆ ಅಂದುಕೊಳ್ಳಿ. ಅದಕ್ಕೆ ತೇವ ಸೇರಿದೆ. ಆ ಕೊಳೆಯ ಮೇಲೆ ಹರಿದು ಹೋಗಲು ಏಳೆಂಟು ಸಾವಿರ ವೋಲ್ಟ್ ಸಾಕು ಅಂತ ಇಟ್ಟುಕೊಳ್ಳಿ. ಪ್ಲಗ್ ಹೊರಗಿದ್ದಾಗ ಪ್ಲಗ್‌ನ ದಾರಿ ಸುಲಭ, ಕಿಡಿ ಅಲ್ಲೇ ಹಾರುತ್ತದೆ. ನೋಡಿದವರಿಗೆ ಎಲ್ಲ ಸರಿ ಅನ್ನಿಸುತ್ತದೆ. ಪ್ಲಗ್ ಒಳಗೆ ಹಾಕಿದ ಕೂಡಲೇ ಕೊಳೆಯ ದಾರಿಯೇ ಸುಲಭವಾಗುತ್ತದೆ. ಕರೆಂಟ್ ಕ್ಯಾಪ್ ಮೇಲೇ ಸೋರಿಹೋಗುತ್ತದೆ. ಸಿಲಿಂಡರಿಗೆ ಏನೂ ಸಿಗುವುದಿಲ್ಲ.

ಇಷ್ಟೇ ಅಲ್ಲ. ಆ ಪರೀಕ್ಷೆ ನಡೆದದ್ದು ಎಷ್ಟು ಹೊತ್ತಿಗೆ? ಗ್ಯಾರೇಜಿಗೆ ಗಾಡಿ ಹೋಗಿದ್ದೇ ಸ್ಟಾರ್ಟ್ ಆದ ಮೇಲೆ ಅಲ್ವಾ? ಅಂದರೆ ಒಣಗಿದ ಮೇಲೆ. ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ ಅದು. ನಿಮ್ಮ ಮೆಕ್ಯಾನಿಕ್ ಮೋಸ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಅವರ ಕೈಗೆ ಸಿಕ್ಕಾಗ ಗಾಡಿಗೆ ಕಾಯಿಲೆಯೇ ಇರಲಿಲ್ಲ.

ಸ್ಟಾರ್ಟ್ ಮಾಡುವ ಹೊತ್ತೇ ಯಾಕೆ ಕಷ್ಟ ಅನ್ನುವುದಕ್ಕೂ ಕಾರಣ ಇದೆ. ಸೆಲ್ಫ್ ಮೋಟಾರ್ ತಿರುಗುವಾಗ ಬ್ಯಾಟರಿಯಿಂದ ಬಹಳ ಕರೆಂಟ್ ಎಳೆಯುತ್ತದೆ. ಆ ಕ್ಷಣ ಬ್ಯಾಟರಿ ವೋಲ್ಟೇಜ್ 10ರ ಆಸುಪಾಸಿಗೆ ಇಳಿಯುತ್ತದೆ. ಕಾಯಿಲ್‌ಗೂ ಅಷ್ಟೇ ಸಿಗುವುದು. ಕಿಡಿ ಅತ್ಯಂತ ಬಡವಾಗಿರುವ ಹೊತ್ತು ಅದು. ಎಂಜಿನ್ ತಣ್ಣಗಿರುತ್ತದೆ, ಪೆಟ್ರೋಲ್ ಸರಿಯಾಗಿ ಆವಿಯಾಗಿರುವುದಿಲ್ಲ. ಒಮ್ಮೆ ಎಂಜಿನ್ ಹಿಡಿದುಬಿಟ್ಟರೆ ಚಾರ್ಜಿಂಗ್ ಶುರುವಾಗಿ 14 ವೋಲ್ಟ್ ಹತ್ತಿರ ಬರುತ್ತದೆ, ಶಾಖಕ್ಕೆ ತೇವ ಆರುತ್ತದೆ. ಅದಕ್ಕೇ ಒಮ್ಮೆ ಓಡಲು ಶುರುವಾದ ಗಾಡಿ ಜಡಿಮಳೆಯಲ್ಲೂ ಚೆನ್ನಾಗಿ ಓಡಬಹುದು. ಹಾಗೆ ಓಡಿದ್ದನ್ನು ನೋಡಿ ‘ತೇವದ ಸಮಸ್ಯೆ ಅಲ್ಲ’ ಅಂತ ತೀರ್ಮಾನ ಮಾಡುವವರಿದ್ದಾರೆ. ಅದು ತಪ್ಪು.

ಇನ್ನೊಂದು ತಪ್ಪು ತಿಳಿವಳಿಕೆ: ಮಳೆ ನೀರು ಬಾನೆಟ್ ಒಳಗೆ ಇಳಿದರೆ ಮಾತ್ರ ಹೀಗಾಗುತ್ತದೆ ಅನ್ನುವುದು. ಹನಿ ನೀರು ಒಳಗೆ ಬರಬೇಕಾಗಿಲ್ಲ. ರಾತ್ರಿಯೆಲ್ಲಾ ಎಂಜಿನ್ ತಣ್ಣಗಾಗಿರುತ್ತದೆ. ತೇವ ತುಂಬಿದ ಗಾಳಿ ಬಂದು ತಣ್ಣನೆಯ ಮೈಗೆ ತಾಗಿದರೆ ಇಬ್ಬನಿ ಕಟ್ಟುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೂ ಕಟ್ಟುತ್ತದೆ. ಹಾಗಾಗಿ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಗೂ ಈ ಕಾಟ ಬರುತ್ತದೆ. ಇನ್ನೊಂದು ಮಾತು: ಶುದ್ಧ ನೀರಿನಲ್ಲಿ ಕರೆಂಟ್ ಅಷ್ಟು ಸುಲಭವಾಗಿ ಹರಿಯುವುದಿಲ್ಲ. ಧೂಳಿನಲ್ಲಿರುವ ಉಪ್ಪು, ಇಂಗಾಲ ನೀರಿನಲ್ಲಿ ನೆಂದಾಗ ದಾರಿ ಆಗುತ್ತದೆ. ಎರಡು ಗಾಡಿ ಒಂದೇ ಮಳೆಯಲ್ಲಿ ನಿಂತು, ಒಂದು ಸ್ಟಾರ್ಟ್ ಆಗಿ ಇನ್ನೊಂದು ಆಗದಿದ್ದರೆ ವ್ಯತ್ಯಾಸ ಇರುವುದು ಕೊಳೆಯಲ್ಲಿ, ಹಳತಾದ ರಬ್ಬರಿನಲ್ಲಿ, ಸಣ್ಣ ಬಿರುಕಿನಲ್ಲಿ.

ಸರಿ, ಎಲ್ಲಿ ಸೋರುತ್ತಿದೆ ಅಂತ ಹೇಗೆ ಹಿಡಿಯುವುದು?

ಅದಕ್ಕೆ ಮಳೆಗೆ ಕಾಯಬೇಕಾಗಿಲ್ಲ, ಮಳೆಯನ್ನು ನಾವೇ ತರಿಸಬಹುದು. ಕತ್ತಲಾದ ಮೇಲೆ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ. ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ಎಂಜಿನ್ ಓಡಲು ಬಿಡಿ. ಬಾನೆಟ್ ಎತ್ತಿ, ಲೈಟುಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಎರಡು ನಿಮಿಷ ಸುಮ್ನೆ ನಿಂತು ನೋಡಿ. ಪ್ಲಗ್ ವೈರ್ ಮೇಲೆ, ಕ್ಯಾಪ್ ಸುತ್ತ, ಕಾಯಿಲ್ ತಲೆಯಲ್ಲಿ ಸಣ್ಣ ನೀಲಿ ಕಿಡಿ ಮಿನುಗುತ್ತದಾ? ಚಟ್ ಚಟ್ ಅಂತ ಸದ್ದು ಕೇಳುತ್ತದಾ? ಕಾಣದಿದ್ದರೆ ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿಕೊಳ್ಳಿ. ಮಂಜಿನ ಹಾಗೆ ತೆಳ್ಳಗೆ ಬೀಳುವಂತೆ ಮೂತಿ ತಿರುಗಿಸಿ. ಮೊದಲು ಪ್ಲಗ್ ವೈರುಗಳ ಮೇಲೆ ಚಿಮುಕಿಸಿ ಒಂದು ನಿಮಿಷ ಕಾಯಿರಿ. ಆಮೇಲೆ ಕ್ಯಾಪ್ ಮೇಲೆ. ಕೊನೆಗೆ ಕಾಯಿಲ್ ಮೇಲೆ. ಎಲ್ಲಿಗೆ ಚಿಮುಕಿಸಿದಾಗ ಎಂಜಿನ್ ಮಿಸ್ ಹೊಡೆಯಲು ಶುರುವಾಗುತ್ತದೋ ಕಳ್ಳ ಇರುವುದು ಅಲ್ಲೇ. ಒಂದೊಂದೇ ಜಾಗ ಅನ್ನುವುದು ಮರೆಯಬೇಡಿ. ಎಲ್ಲ ಕಡೆ ಒಟ್ಟಿಗೆ ನೀರು ಹೊಡೆದರೆ ಎಂಜಿನ್ ನಿಲ್ಲುತ್ತದೆ, ನಿಮಗೆ ಗೊತ್ತಾಗುವುದು ಏನೂ ಇಲ್ಲ.

ಇದರಲ್ಲಿ ಅಪಾಯ ಇದೆ, ಸ್ಪಷ್ಟವಾಗಿ ಹೇಳುತ್ತೇನೆ. ಎಂಜಿನ್ ಓಡುವಾಗ ಪ್ಲಗ್ ವೈರ್, ಕಾಯಿಲ್ ಯಾವುದನ್ನೂ ಕೈಯಲ್ಲಿ ಮುಟ್ಟಬೇಡಿ. ಜೋರಾದ ಶಾಕ್ ಹೊಡೆಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಎಂದರೆ ಬೆಚ್ಚಿ ಕೈ ಎಳೆಯುವಾಗ ಅದು ಫ್ಯಾನಿಗೆ, ಬೆಲ್ಟಿಗೆ ಹೋಗಬಹುದು. ಸಡಿಲ ಬಟ್ಟೆ, ಬಿಟ್ಟ ಕೂದಲು ಬೇಡ. ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಯಾವಾಗ ಬೇಕಾದರೂ ತಿರುಗಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ನಿಲ್ಲಲೇಬಾರದು. ಎಲ್ಲಾದರೂ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯೇ ಬೇಡ, ಮೊದಲು ಆ ಸೋರಿಕೆ ನೋಡಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ.

ಇನ್ನೊಂದು ದಾರಿ, ಬೆಳಿಗ್ಗೆ ಗಾಡಿ ಹಟ ಹಿಡಿದಾಗಲೇ ಮಾಡುವುದು. ನನಗೆ ಇದೇ ಹೆಚ್ಚು ಇಷ್ಟ. ಕೀ ತೆಗೆದು, ಒಣ ಬಟ್ಟೆಯಿಂದ ಮೊದಲು ಕಾಯಿಲ್ ತಲೆ ಮತ್ತು ಅದರ ದಪ್ಪ ವೈರ್ ಮಾತ್ರ ಒರೆಸಿ. ಐದು ಸೆಕೆಂಡ್ ಸೆಲ್ಫ್ ಹೊಡೆದು ನೋಡಿ. ಆಗಲಿಲ್ಲವಾ? ಪ್ಲಗ್ ವೈರುಗಳನ್ನು ಒರೆಸಿ, ಮತ್ತೆ ನೋಡಿ. ಆಮೇಲೆ ಕ್ಯಾಪ್ ಹೊರಮೈ. ಕೊನೆಗೆ ಕ್ಲಿಪ್ ಬಿಚ್ಚಿ ಕ್ಯಾಪ್ ಎತ್ತಿ ಒಳಗೆ ಒರೆಸಿ. ಯಾವ ಹಂತದಲ್ಲಿ ಎಂಜಿನ್ ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. ಎರಡು ಮಳೆಗೆ ಒಂದೇ ಉತ್ತರ ಬಂದರೆ ಗ್ಯಾರೇಜಿಗೆ ಆ ಚೀಟಿ ತಗೊಂಡು ಹೋಗಿ.

ಕ್ಯಾಪ್ ಎತ್ತಿದಾಗ ಏನು ನೋಡಬೇಕು ಅಂತ ಹೇಳುತ್ತೇನೆ. ಒಳಗೆ ನಾಲ್ಕು ಲೋಹದ ಬಿಂದು, ಮಧ್ಯೆ ಸ್ಪ್ರಿಂಗ್ ಇರುವ ಸಣ್ಣ ಇಂಗಾಲದ ತುಂಡು ಇರುತ್ತದೆ. ಅದನ್ನು ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಪುಟಿಯಬೇಕು. ಒಂದು ಬಿಂದುವಿನಿಂದ ಇನ್ನೊಂದಕ್ಕೆ, ಅಥವಾ ಕ್ಯಾಪ್ ಅಂಚಿಗೆ, ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಕಪ್ಪು ಗೆರೆ ಇದೆಯಾ ನೋಡಿ. ಇದ್ದರೆ ಕರೆಂಟ್ ಅಲ್ಲಿ ಹರಿದು ಪ್ಲಾಸ್ಟಿಕ್ಕನ್ನು ಸುಟ್ಟಿದೆ. ಆ ಸುಟ್ಟ ಗೆರೆ ಇಂಗಾಲ, ಅಂದರೆ ಈಗ ಅದೇ ಒಂದು ವೈರ್. ಉಜ್ಜಿದರೆ ಕೆಲವು ದಿನ ನಡೆಯಬಹುದು, ಗುಣ ಆಗುವುದಿಲ್ಲ. ಕ್ಯಾಪ್ ಬದಲಾಯಿಸಲೇಬೇಕು. ಕ್ಯಾಪ್ ಕೂರುವ ಜಾಗದ ರಬ್ಬರ್ ರಿಂಗ್ ಇದೆಯಾ ಅಂತಲೂ ನೋಡಿ. ಎಷ್ಟೋ ಗಾಡಿಗಳಲ್ಲಿ ಯಾವತ್ತೋ ಬಿಚ್ಚಿದವರು ಅದನ್ನು ವಾಪಸ್ ಹಾಕಿರುವುದೇ ಇಲ್ಲ. ಒಳಗೆ ಎಣ್ಣೆ ಜಿಡ್ಡು ಕಂಡರೆ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಸೀಲ್ ಹೋಗಿದೆ. ಅದನ್ನು ಹಾಗೇ ಬಿಟ್ಟು ಹೊಸ ಕ್ಯಾಪ್ ಹಾಕಿದರೆ ಅದೂ ಬೇಗ ಕೆಡುತ್ತದೆ.

ಕ್ಯಾಪ್ ಕೆಳಗೆ ತಿರುಗುತ್ತಾ ಕರೆಂಟ್ ಹಂಚುವ ತುಂಡೇ ರೋಟರ್. ಅದನ್ನು ತೆಗೆದು ತಿರುವಿ ನೋಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಮ್ಮೆ ನಾನೇ ಇಲ್ಲಿ ಎಡವಿದ್ದೇನೆ. ನಿಮ್ಮ ಗಾಡಿಯಂಥದ್ದೇ ಒಂದು ಕಾರಿಗೆ ಕ್ಯಾಪ್ ಹೊಸದು ಹಾಕಿದೆ, ವೈರ್ ಹೊಸದು ಹಾಕಿದೆ, ಪ್ಲಗ್ ಹೊಸದು ಹಾಕಿದೆ. ರೋಟರ್ ಮೇಲಿಂದ ಚೆನ್ನಾಗಿ ಕಾಣುತ್ತಿತ್ತು, ಬಿಟ್ಟೆ. ಮೊದಲ ಮಳೆಗೇ ಗಾಡಿ ವಾಪಸ್ ಬಂತು. ಕಾಯಿಲ್ ಬದಲಾಯಿಸಿದೆ, ಆಗಲಿಲ್ಲ. ಮೂರನೇ ದಿನ ರೋಟರ್ ಕಿತ್ತು ತಳ ನೋಡಿದರೆ ಸೂಜಿ ಮೊನೆಯಷ್ಟು ಕಪ್ಪು ತೂತು. ಕರೆಂಟ್ ಪ್ಲಗ್‌ಗಳಿಗೆ ಹೋಗದೆ ರೋಟರ್ ಮೈಯನ್ನೇ ಕೊರೆದು ಕೆಳಗಿನ ಶಾಫ್ಟ್‌ಗೆ ಹಾರುತ್ತಿತ್ತು. ಅವತ್ತಿನಿಂದ ಕ್ಯಾಪ್ ಮತ್ತು ರೋಟರ್ ಎರಡನ್ನೂ ಜೊತೆಯಾಗಿಯೇ ಬದಲಾಯಿಸುತ್ತೇನೆ.

ಪ್ಲಗ್ ವೈರುಗಳ ವಿಷಯದಲ್ಲಿ ಮಲ್ಟಿಮೀಟರ್ ಅರ್ಧ ಸತ್ಯ ಹೇಳುತ್ತದೆ. ಇಂಗಾಲದ ಎಳೆ ಇರುವ ವೈರ್ ಸಾಮಾನ್ಯವಾಗಿ ಮೀಟರ್ ಉದ್ದಕ್ಕೆ 10ರಿಂದ 20 ಸಾವಿರ ಓಮ್ ತೋರಿಸುತ್ತದೆ. ಒಂದು ವೈರ್ ಉಳಿದವಕ್ಕಿಂತ ಬಹಳ ಹೆಚ್ಚು ತೋರಿಸಿದರೆ ಅಥವಾ ಏನೂ ತೋರಿಸದಿದ್ದರೆ ಒಳಗಿನ ಎಳೆ ತುಂಡಾಗಿದೆ. ಆದರೆ ಅಳತೆ ಸರಿ ಬಂತು ಅಂತ ವೈರ್ ಒಳ್ಳೆಯದು ಅನ್ನಬೇಡಿ. ಮೀಟರ್ ಕಳಿಸುವುದು ಕೆಲವೇ ವೋಲ್ಟ್. ಹೊರಗಿನ ರಬ್ಬರಿನ ಕೂದಲೆಳೆ ಬಿರುಕಿನಿಂದ 10 ಸಾವಿರ ವೋಲ್ಟ್ ಹಾರಿಹೋಗುವುದು ಅದಕ್ಕೆ ಕಾಣುವುದೇ ಇಲ್ಲ. ಅದಕ್ಕೆ ಕತ್ತಲೆ ಮತ್ತು ಸ್ಪ್ರೇ ಬಾಟಲಿಯೇ ಬೇಕು. ಎಂಜಿನ್ ನಿಲ್ಲಿಸಿ ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಗಟ್ಟಿಯಾಗಿ ಕಟಕಟ ಅಂದರೆ ಅದರ ಆಯಸ್ಸು ಮುಗಿದಿದೆ. ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿ ಮೇಲೆ ಉದ್ದುದ್ದ ಕಪ್ಪು ಗೆರೆ ಇದ್ದರೆ ಪ್ಲಗ್ ಟೋಪಿಯ ಒಳಗೇ ಕರೆಂಟ್ ಜಾರುತ್ತಿದೆ ಅಂತ ಅರ್ಥ.

ಕಾಯಿಲ್‌ನಲ್ಲಿ ದಪ್ಪ ವೈರ್ ಕೂರುವ ಮೂತಿಯ ಸುತ್ತ ಬಿರುಕು ನೋಡಿ. ಹಾಗೇ ಒಂದು ಸಣ್ಣ ಸುಳಿವು: ಕೀ ತಿರುಗಿಸಿ ಹಿಡಿದಾಗ ಏನೂ ಆಗದೆ, ಕೀ ಬಿಟ್ಟ ಕ್ಷಣಕ್ಕೆ ಎಂಜಿನ್ ಒಮ್ಮೆ ಕೆಮ್ಮಿದರೆ, ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಬೇಕಾದಷ್ಟು ವೋಲ್ಟ್ ಹೋಗುತ್ತಿಲ್ಲ. ಕೆಲವು ಹಳೆ ಗಾಡಿಗಳಲ್ಲಿ ಸ್ಟಾರ್ಟ್ ಮಾಡುವಾಗ ಮಾತ್ರ ಕಾಯಿಲ್‌ಗೆ ನೇರ ಕರೆಂಟ್ ಕೊಡುವ ಬೇರೆ ವೈರ್ ಇರುತ್ತದೆ. ಅದು ತುಂಡಾಗಿರಬಹುದು. ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಜೋಡಿಸುವ ಸಣ್ಣ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ ಆದರೆ ಪಾಯಿಂಟ್ ಸುಟ್ಟಿದೆಯಾ, ತುಕ್ಕು ಬಂದಿದೆಯಾ ಅಂತಲೂ ನೋಡಿಸಿ.

ಡಬ್ಲ್ಯುಡಿ-40 ವಿಷಯಕ್ಕೆ ಬರೋಣ. 1953ರಲ್ಲಿ ಅದನ್ನು ತಯಾರಿಸಿದ್ದೇ ನೀರನ್ನು ಸರಿಸಲು, ತುಕ್ಕು ತಡೆಯಲು. ಹೆಸರಿನ ಅರ್ಥವೂ ಅದೇ: ನೀರು ಸರಿಸುವುದು, 40ನೇ ಪ್ರಯತ್ನ. ಹಾಗಾಗಿ ನಿಮ್ಮ ಗೆಳೆಯರು ಹೇಳಿದ್ದು ತಪ್ಪಲ್ಲ. ಅದು ಕೆಲಸ ಮಾಡಿದ್ದರಿಂದ ನಿಮಗೆ ಒಂದು ದೊಡ್ಡ ಸಾಕ್ಷಿಯೂ ಸಿಕ್ಕಿತು. ವೈರಿಂಗ್ ಮೇಲೆ ಹೊಡೆದ ಸ್ಪ್ರೇಗೆ ಗಾಡಿ ಸ್ಟಾರ್ಟ್ ಆಯಿತು ಅಂದರೆ ತೊಂದರೆ ಟ್ಯಾಂಕಿನಲ್ಲಿ ಇರಲು ಹೇಗೆ ಸಾಧ್ಯ? ಆದರೆ ಅದು ಬಿರುಕನ್ನು ಮುಚ್ಚುವುದಿಲ್ಲ. ಉಳಿದ ಎಣ್ಣೆ ಪಸೆಗೆ ಧೂಳು ಅಂಟಿ ಮುಂದಿನ ಸಲಕ್ಕೆ ದಾರಿ ಸಿದ್ಧವಾಗುತ್ತದೆ. ಕ್ಯಾಪ್ ಒಳಗೆ ಹೊಡೆದು ತಕ್ಷಣ ಮುಚ್ಚಿ ಸೆಲ್ಫ್ ಹೊಡೆಯುವುದು ಅಪಾಯ. ಆ ಆವಿಗೆ ಬೆಂಕಿ ಹತ್ತುತ್ತದೆ, ಒಳಗೆ ಕಿಡಿ ಹಾರುತ್ತಿರುತ್ತದೆ, ಕ್ಯಾಪ್ ಸಿಡಿಯಬಹುದು. ತುರ್ತಿಗೆ ಹೊಡೆದರೆ ಕ್ಯಾಪ್ ತೆರೆದಿಟ್ಟು, ಒರೆಸಿ, ಪೂರ್ತಿ ಆರಿದ ಮೇಲೆ ಮುಚ್ಚಿ.

ಈಗ ಜನ ಹೆಚ್ಚು ಗೊಂದಲ ಪಡುವ ಜಾಗ. ಕೆಲವರು ಬಂದು ‘ಸಾರ್, ಎಲ್ಲ ಒಣಗಿಸಿದೆ, ಆದರೂ ಸ್ಟಾರ್ಟ್ ಆಗಲಿಲ್ಲ, ಹಾಗಾದರೆ ತೇವ ಕಾರಣ ಅಲ್ಲ’ ಅನ್ನುತ್ತಾರೆ. ಕೇಳಿದರೆ ಒಣಗಿಸುವ ಮೊದಲು ಹದಿನೈದು ನಿಮಿಷ ಸೆಲ್ಫ್ ಹೊಡೆದಿರುತ್ತಾರೆ, ಚೋಕ್ ಎಳೆದಿರುತ್ತಾರೆ, ಆಕ್ಸಿಲರೇಟರ್ ಮೇಲಿಂದ ಮೇಲೆ ಒತ್ತಿರುತ್ತಾರೆ. ಕಿಡಿ ಇಲ್ಲದೆ ಒಳಗೆ ಹೋದ ಪೆಟ್ರೋಲ್ ಎಲ್ಲ ಪ್ಲಗ್‌ಗಳ ಮೇಲೆ ಕೂತಿರುತ್ತದೆ. ಈಗ ಹೊರಗಿನ ತೇವ ಹೋಯಿತು, ಪ್ಲಗ್‌ಗಳು ಪೆಟ್ರೋಲಿನಲ್ಲಿ ನೆಂದಿವೆ. ಒಂದು ತೊಂದರೆ ಎರಡಾಯಿತು. ಆಗ ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ ಸೆಲ್ಫ್ ಹೊಡೆಯಿರಿ. ಗಾಳಿ ಜಾಸ್ತಿ ಹೋಗಿ ಪ್ಲಗ್ ಆರುತ್ತದೆ. ಆಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಿ. ಬಿಚ್ಚಿದ ರಂಧ್ರಗಳ ಹತ್ತಿರ ಕಿಡಿ ಪರೀಕ್ಷೆ ಮಾತ್ರ ಬೇಡ, ಅಲ್ಲಿಂದ ಪೆಟ್ರೋಲ್ ಹಬೆ ಚಿಮ್ಮುತ್ತದೆ. ಸೆಲ್ಫ್ ಯಾವತ್ತೂ ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಬೇಡ. ನಡುವೆ ಒಂದು ನಿಮಿಷ ಬಿಡುವು ಕೊಡಿ. ಇಲ್ಲದಿದ್ದರೆ ಮೋಟಾರ್ ಸುಡುತ್ತದೆ, ಹೊಸ ಬ್ಯಾಟರಿಯೂ ಬಸವಳಿಯುತ್ತದೆ.

ತಳ್ಳಿ ಸ್ಟಾರ್ಟ್ ಮಾಡುವುದನ್ನು ಕೇಳಿದಿರಿ. ಗೇರ್ ಗಾಡಿಗೆ, ಬ್ಯಾಟರಿ ಸೋತಾಗ ಅದು ಸರಿ. ತಳ್ಳುವಾಗ ಸೆಲ್ಫ್ ಕರೆಂಟ್ ತಿನ್ನುವುದಿಲ್ಲ, ಹಾಗಾಗಿ ಕಿಡಿ ಸ್ವಲ್ಪ ಗಟ್ಟಿ ಇರುತ್ತದೆ, ಕೆಲವೊಮ್ಮೆ ಹಿಡಿದೂಬಿಡುತ್ತದೆ. ಆದರೆ ಸೋರಿಕೆ ಹಾಗೇ ಇರುತ್ತದೆ, ಒದ್ದೆ ರಸ್ತೆಯಲ್ಲಿ ತಳ್ಳುವವರು ಜಾರುತ್ತಾರೆ. ಎಕ್ಸಾಸ್ಟ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಾದರೆ ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ, ಎಂಜಿನ್ ಹಿಡಿದ ಮೇಲೆ ಅಲ್ಲೇ ಉರಿದು ಅದನ್ನು ಹಾಳು ಮಾಡಬಹುದು. ಅದರ ಬದಲು ಹತ್ತು ನಿಮಿಷ ಕೂತು ಒರೆಸಿ.

ಒಂದು ಸಂದರ್ಭದಲ್ಲಿ ಮಾತ್ರ ಸೆಲ್ಫೂ ಬೇಡ, ತಳ್ಳುವುದೂ ಬೇಡ. ಗಾಡಿ ನಿಂತ ನೀರಿನಲ್ಲಿ ಹೋಗಿ ನಿಂತಿದ್ದರೆ, ಅಥವಾ ನೀರು ಏರ್ ಫಿಲ್ಟರ್ ಮಟ್ಟಕ್ಕೆ ಬಂದಿದ್ದರೆ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಂಜಿನ್ ಬಿಚ್ಚಿಸುವ ಕೆಲಸವಾಗುತ್ತದೆ. ಅಂಥ ಗಾಡಿಯನ್ನು ಎಳೆಸಿಕೊಂಡೇ ಹೋಗಿ, ಪ್ಲಗ್ ಬಿಚ್ಚಿ ನೀರು ತೆಗೆದ ಮೇಲೆಯೇ ಎಂಜಿನ್ ತಿರುಗಿಸಬೇಕು.

ಇದೇ ತೊಂದರೆ ಇರುವ ಇತರರಿಗೂ ಎರಡು ಮಾತು. ಇಂಜೆಕ್ಷನ್ ಗಾಡಿಗಳಲ್ಲಿ ಕಾಯಿಲ್ ಪ್ಯಾಕ್ ಬಿರುಕು, ಕ್ರ್ಯಾಂಕ್ ಸೆನ್ಸರ್, ಒದ್ದೆಯಾದ ಕನೆಕ್ಟರ್ ಕೂಡ ಹೀಗೇ ಕಾಡುತ್ತವೆ. ವಿಂಡ್‌ಸ್ಕ್ರೀನ್ ಕೆಳಗಿನ ನೀರಿನ ಕಾಲುವೆಯಲ್ಲಿ ಎಲೆ ಕಟ್ಟಿಕೊಂಡು ನೀರು ಫ್ಯೂಸ್ ಬಾಕ್ಸಿಗೆ ಇಳಿಯುವುದನ್ನೂ ಬಹಳ ನೋಡಿದ್ದೇನೆ. ಡೀಸೆಲ್ ಎಂಜಿನ್‌ಗೆ ಕಿಡಿಯೇ ಇಲ್ಲ, ಆದ್ದರಿಂದ ಮೇಲಿನ ಮಾತು ಅದಕ್ಕೆ ಹೊಂದುವುದಿಲ್ಲ. ಅಲ್ಲಿ ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್, ಅದರ ರಿಲೇ, ಫಿಲ್ಟರ್ ತಳದಲ್ಲಿ ನಿಂತ ನೀರು ನೋಡಬೇಕು.

ನಿಮ್ಮ ಮುಂದೆ ಇರುವ ದಾರಿಗಳು ಇವು. ಕ್ಯಾಪ್‌ನಲ್ಲಿ ಸುಟ್ಟ ಗೆರೆ ಇಲ್ಲ, ವೈರ್ ಮೆತ್ತಗಿದೆ ಅಂದರೆ ಚೆನ್ನಾಗಿ ಒರೆಸಿ, ರಬ್ಬರ್ ರಿಂಗ್ ಹಾಕಿಸಿ, ಪ್ಲಗ್ ಟೋಪಿಯ ಒಳ ಅಂಚಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ ಒಂದು ಮಳೆ ಕಾದು ನೋಡಬಹುದು. ಖರ್ಚು ಹೆಚ್ಚುಕಡಿಮೆ ಇಲ್ಲ, ಆದರೆ ಕಾಣದ ಬಿರುಕು ಉಳಿದಿರಬಹುದು. ನಾನಾಗಿದ್ದರೆ 30 ವರ್ಷದ ಗಾಡಿಗೆ ಕ್ಯಾಪ್, ರೋಟರ್, ವೈರ್, ಪ್ಲಗ್ ನಾಲ್ಕನ್ನೂ ಒಟ್ಟಿಗೆ ಬದಲಾಯಿಸುತ್ತೇನೆ. ಕಾಯಿಲ್ ಮಾತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಬದಲಾಯಿಸಿ, ಸುಮ್ನೆ ಬೇಡ. ಅಗ್ಗದ ಕ್ಯಾಪ್ ತಗೊಳ್ಳಬೇಡಿ. ಅದರ ಪ್ಲಾಸ್ಟಿಕ್ ತೆಳ್ಳಗಿರುತ್ತದೆ, ಬೇಗ ಗೆರೆ ಬೀಳುತ್ತದೆ. ವೈರ್ ಬದಲಾಯಿಸುವಾಗ ಒಂದು ತೆಗೆದು ಒಂದು ಹಾಕಿ, ಆಮೇಲೆ ಮುಂದಿನದು. ನಾಲ್ಕು ಸಿಲಿಂಡರಿನಲ್ಲಿ ಬಹುತೇಕ 1-3-4-2 ಅನ್ನುವ ಕ್ರಮದಲ್ಲಿ ಕಿಡಿ ಹೋಗಬೇಕು. ಎಲ್ಲ ಒಟ್ಟಿಗೆ ಕಿತ್ತು ಅದಲುಬದಲಾದರೆ ಒಣ ದಿನವೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇನ್ನು ಬಾನೆಟ್ ಒಳಗೆ ಪ್ರೆಷರ್ ಪಂಪ್‌ನಿಂದ ನೀರು ಹೊಡೆಸುವುದನ್ನು ನಿಲ್ಲಿಸಿಬಿಡಿ.

ಏನೂ ಮಾಡದೆ ಒರೆಸಿಕೊಂಡೇ ನಡೆಸುವುದೂ ಒಂದು ದಾರಿ. ಆದರೆ ಸೋರಿಕೆ ಪ್ರತಿ ಸಲ ಪ್ಲಾಸ್ಟಿಕ್ಕನ್ನು ಇನ್ನಷ್ಟು ಸುಡುತ್ತದೆ. ಇವತ್ತು ಬೆಳಿಗ್ಗೆ ಮಾತ್ರ ಕಾಡುವ ಗಾಡಿ ಮುಂದೊಂದು ದಿನ ಓಡುತ್ತಿರುವಾಗಲೇ ನಡುರಸ್ತೆಯಲ್ಲಿ ನಿಲ್ಲುತ್ತದೆ.

ಮಾರುವ ಪ್ರಶ್ನೆ ಉಳಿಯಿತು. ಬಿಸಿಲಿನ ದಿನ ಒಂದೇ ಸಲಕ್ಕೆ ಹಿಡಿಯುವ 30 ವರ್ಷದ ಎಂಜಿನ್ ಒಳಗಿನಿಂದ ಗಟ್ಟಿಯಾಗಿದೆ. ಕಂಪ್ರೆಷನ್ ಇದೆ, ಪೆಟ್ರೋಲ್ ಬರುತ್ತಿದೆ. ತಳ ತುಕ್ಕು ಹಿಡಿದಿದೆ, ಗೇರ್‌ಬಾಕ್ಸ್ ಹೋಗಿದೆ ಅಂದಿದ್ದರೆ ಬೇರೆ ಮಾತು. ಒಂದು ಪ್ಲಾಸ್ಟಿಕ್ ಕ್ಯಾಪ್ ಮತ್ತು ಐದು ವೈರಿಗಾಗಿ ಅಪ್ಪನ ಕಾರು ಮಾರಬೇಡಿ. ಈ ವಾರ ಒಂದು ಸಂಜೆ ಸ್ಪ್ರೇ ಬಾಟಲಿ ಹಿಡಿದು ಬಾನೆಟ್ ಎತ್ತಿ. ನೀಲಿ ಕಿಡಿ ಎಲ್ಲಿ ಕಂಡಿತು ಅಂತ ನನಗೆ ಬರೆಯಿರಿ, ಮುಂದಿನದನ್ನು ಅಲ್ಲಿಂದ ನೋಡೋಣ.